ತೊಳೆದಿಟ್ಟ ಕಿವಿ ಮಷೀನು

ಹೋದ ವಾರ ಹೈದರಾಬಾದಿನ ಅಮೀರ್‌ಪೇಟ್ ಮೆಟ್ರೋ ನಿಲ್ದಾಣದಲ್ಲಿ ಗಾಡಿ ಬದಲಿಸಲು ನಿಂತಿದ್ದಾಗ ಪಕ್ಕದಲ್ಲಿದ್ದ ಮುದುಕರೊಬ್ಬರ ಕಿವಿಯಿಂದ ಸಣ್ಣಗೆ ಕುಂಯ್ ಎಂದು ಸೀಟಿ ಕೇಳಿಸಿತು. ಅವರು ಕಿವಿಯ ಹಿಂದೆ ಬೆರಳಿಟ್ಟು ಒತ್ತಿಕೊಂಡರು, ಸೀಟಿ ನಿಂತಿತು. ಅಕ್ಕಪಕ್ಕದ ಹುಡುಗರು ತಮ್ಮ ಫೋನಿನಿಂದ ತಲೆ ಎತ್ತಲಿಲ್ಲ. ನನಗೆ ಮಾತ್ರ ಬಂದ ಗಾಡಿಯನ್ನು ಹತ್ತಲಾಗಲಿಲ್ಲ. ಅದನ್ನು ಹೋಗಲು ಬಿಟ್ಟು ಬೆಂಚಿನ ಮೇಲೆ ಕೂತುಬಿಟ್ಟೆ. ಆ ಸೀಟಿ ನಮ್ಮ ಆಯಿಯದು. ಆಯಿ ಅಂದರೆ ನಮ್ಮಪ್ಪನ ತಾಯಿ. ಆಕೆ ತೀರಿಹೋಗಿ ಎಷ್ಟೋ ಕಾಲವಾಯಿತು, ಅಪ್ಪನೂ ಹೋದ, ಬೇಗಂಪೇಟೆಯಲ್ಲಿದ್ದ ನಮ್ಮ ಬಾಡಿಗೆ ಮನೆಯನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದ್ದಾರೆ. ಆದರೂ ಆ ಸೀಟಿ ಕೇಳಿದೊಡನೆ ಆಯಿಯ ಮೂಲೆಯ ವಾಸನೆ ಮೂಗಿಗೆ ಬಂತು. ವಿಭೂತಿ, ಕೊಬ್ಬರಿ ಎಣ್ಣೆ, ಒಗೆದು ಒಗೆದು ಮೆತ್ತಗಾದ ಇಳಕಲ್ ಸೀರೆ. ಹೋದವರೆಲ್ಲ ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ, ನಮ್ಮವರಂತೂ ಹೀಗೆ ಜನಜಂಗುಳಿಯಲ್ಲಿ ಬಂದು ನನ್ನ ಸೆರಗು ಜಗ್ಗುತ್ತಾರೆ.

ಆ ಮನೆ ಹಳೆಯ ವಿಮಾನ ನಿಲ್ದಾಣದ ಗೋಡೆಗೆ ಹತ್ತಿರದಲ್ಲಿತ್ತು. ವಿಮಾನಗಳು ನಮ್ಮ ಮಾಳಿಗೆಯ ಮೇಲೆ ಒಣಗಿಹಾಕಿದ ಸಂಡಿಗೆಯನ್ನು ಮುಟ್ಟಿಯೇ ಹೋಗುತ್ತವೇನೋ ಅನ್ನುವಷ್ಟು ಕೆಳಗೆ ಹಾರುತ್ತಿದ್ದವು. ಒಂದು ಬಂತೆಂದರೆ ನಾವೆಲ್ಲ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೆವು. ಅಮ್ಮ ಸೌಟು ಎತ್ತಿ ಹಿಡಿದು ಕಾಯುತ್ತಿದ್ದಳು. ಅಪ್ಪ ‘ನಾಳೆ’ ಎಂದು ನಿಲ್ಲಿಸಿ, ಸದ್ದು ಅಡಗಿದ ಮೇಲೆ ‘ರಜಾ ಐತಿ’ ಎಂದು ಮುಗಿಸುತ್ತಿದ್ದ. ಊರಿಂದ ಬಂದ ನೆಂಟರು ನಮ್ಮ ಈ ಪದ್ಧತಿ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೇಡಂ ಕಡೆಯ ಹಳ್ಳಿಯಿಂದ ಬಂದು ನಮ್ಮೊಡನೆ ಇದ್ದ ಆಯಿಗೆ ಮೊದಮೊದಲು ಈ ಕಾಟವೇ ಇರಲಿಲ್ಲ, ಆಕೆಗೆ ಕಿವಿ ಕೇಳಿಸುತ್ತಲೇ ಇರಲಿಲ್ಲ. ಆಮೇಲೆ ಅಪ್ಪ ಅಬಿಡ್ಸ್‌ನ ಒಂದು ಅಂಗಡಿಗೆ ಕರೆದುಕೊಂಡು ಹೋಗಿ ಕಿವಿ ಮಷೀನು ಹಾಕಿಸಿದ. ಗೋಡಂಬಿಯ ಆಕಾರದ, ಮೈಬಣ್ಣದ ಪುಟ್ಟ ವಸ್ತು. ಸ್ಕೂಟರಿಗೆಂದು ಅಪ್ಪ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು, ಅವನು ಮತ್ತೆ ಸಿಟಿ ಬಸ್ಸಿನಲ್ಲೇ ಜೋತಾಡುತ್ತ ಆಫೀಸಿಗೆ ಹೋದ. ಮಷೀನು ಹಾಕಿಕೊಂಡು ಮನೆಗೆ ಬಂದ ಆಯಿ ಹೊಸ್ತಿಲಲ್ಲೇ ನಿಂತು, ‘ಮನ್ಯಾಗ ಇಷ್ಟು ಗದ್ದಲ ಇತ್ತೇನು?’ ಎಂದು ಬೆರಗಾದಳು. ಬಟ್ಟಲಿಗೆ ಚಮಚ ತಾಗಿದರೂ ಬೆಚ್ಚುತ್ತಿದ್ದಳು. ವಿಮಾನ ಬಂದರೆ ಅಂಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಆಗ ಮಷೀನು ಕುಂಯ್ ಎನ್ನುತ್ತಿತ್ತು. ಅಪ್ಪ ದಿನಾ ಸಂಜೆ ಆಫೀಸಿನಿಂದ ಬಂದವನೇ ಕೈಕಾಲು ತೊಳೆದು ಆಕೆಯ ಪಕ್ಕ ಕೂತುಬಿಡುತ್ತಿದ್ದ. ಅಮ್ಮನಿಗೂ ಹೇಳದ ಮಾತನ್ನು ಆ ಗೋಡಂಬಿಗೆ ಹೇಳುತ್ತಿದ್ದ. ಅಮ್ಮ ಅದಕ್ಕೆ ಒಳಗೊಳಗೇ ಉರಿದುಕೊಳ್ಳುತ್ತಿದ್ದಳು.

ಅಪ್ಪ ಕೆಟ್ಟವನಲ್ಲ. ನಮ್ಮ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಪಕ್ಕದ ಮನೆಯ ತೆಲುಗು ಅತ್ತೆ ತನ್ನ ಮಕ್ಕಳನ್ನು ಬಡಿಯುವಾಗೆಲ್ಲ ನಮ್ಮಪ್ಪನನ್ನು ತೋರಿಸಿ ‘ದೇವುಡು’ ಅನ್ನುತ್ತಿದ್ದಳು. ದೇವರೇನೋ ಸರಿ, ಆದರೆ ನಮ್ಮ ದೇವರು ಸಿಟ್ಟು ಬಂದರೆ ಮಾತು ಬಿಡುತ್ತಿದ್ದ. ನನ್ನ ತಂಗಿ ಗಿರಿಜಾ ಅವನ ಹೊಸ ಟೇಪ್ ರೆಕಾರ್ಡರನ್ನು ಮೇಜಿನಿಂದ ಕೆಡವಿದಾಗ ನಾಗರಪಂಚಮಿಗೆ ಬಿಟ್ಟ ಮಾತು ಗಣೇಶ ಚೌತಿಯ ಹೊತ್ತಿಗೆ ಮರಳಿತು. ಅಲ್ಲಿಯತನಕ ಅವಳು ಎದುರಿಗೇ ಕೂತಿದ್ದರೂ ನನ್ನ ಕಡೆ ನೋಡಿ, ‘ಹಾಲು ಕುಡೀ ಅಂತ ಆಕಿಗೆ ಹೇಳು’ ಅನ್ನುತ್ತಿದ್ದ. ಗಿರಿಜಾ ಎರಡನೇ ಕ್ಲಾಸಿನ ಮಗು. ಬರಬರುತ್ತ ಅವಳು ಶಾಲೆಯಲ್ಲೂ ಬಾಯಿ ಬಿಡುವುದನ್ನು ನಿಲ್ಲಿಸಿದಳು. ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದಳು. ಆಯಿ ಒಂದು ಸಂಜೆ ಅಪ್ಪನಿಗೆ ನೇರವಾಗಿಯೇ ಹೇಳಿದಳು: ‘ಮಗಳ ಸಂಗಟ ಮಾತಾಡೋ ತಮ್ಮಾ. ನಿಮ್ಮಪ್ಪನ ಚಾಳಿ ನಿನಗ್ಯಾಕ ಬಂತು?’ ಆ ಚಾಳಿಯ ಕತೆಯನ್ನು ನಮಗೂ ಆಯಿಯೇ ಹೇಳಿದ್ದು. ಅಪ್ಪ ಹುಡುಗನಾಗಿದ್ದಾಗ ನಮ್ಮ ಮುತ್ಯಾ, ಅಂದರೆ ಆಯಿಯ ಗಂಡ, ಹೈದರಾಬಾದಿನಿಂದ ಒಂದು ರೇಡಿಯೋ ತಂದಿದ್ದರಂತೆ. ಊರಿಗೇ ಮೊದಲ ರೇಡಿಯೋ. ಅಪ್ಪ ಅದನ್ನು ಬಾವಿಯ ಕಟ್ಟೆಯ ಮೇಲಿಟ್ಟು ಗೆಳೆಯರಿಗೆ ಹಾಡು ಕೇಳಿಸಲು ಹೋಗಿ ಬಾವಿಗೆ ಬೀಳಿಸಿದ. ಮುತ್ಯಾ ಹೊಡೆಯಲಿಲ್ಲ, ಬೈಯಲಿಲ್ಲ, ಮಗನ ಜೊತೆ ಮಾತು ಬಿಟ್ಟರು. ಮತ್ತೆ ಮಾತಾಡುವ ಮೊದಲೇ ಎದೆನೋವು ಬಂದು ತೀರಿಕೊಂಡರು. ಇದನ್ನು ಹೇಳುವಾಗ ಆಯಿ ನಮ್ಮ ಮುಖ ನೋಡುತ್ತಿರಲಿಲ್ಲ.

ಮಕ್ಕಳು ದುಬಾರಿ ವಸ್ತು ಒಡೆದರೆ ತಂದೆತಾಯಿ ಏನು ಮಾಡಬೇಕು ಎಂದು ಈಗ ದಿನಕ್ಕೊಂದು ಉಪದೇಶ ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ಆಳವಾಗಿ ಉಸಿರೆಳೆಯಬೇಕಂತೆ, ಆ ಜಾಗ ಬಿಟ್ಟು ಸ್ವಲ್ಪ ದೂರ ಹೋಗಬೇಕಂತೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ತಿರುಗಿ ಬನ್ನಿ. ಬೈಯುವುದಿದ್ದರೆ ಬೈದುಬಿಡಿ, ಗೊಣಗಿಕೊಳ್ಳಿ, ನಿಮ್ಮ ಹಣೆಬರಹಕ್ಕೆ ಶಾಪ ಹಾಕಿಕೊಳ್ಳಿ. ಬೈಗುಳಕ್ಕೆ ಒಂದು ಕೊನೆ ಇರುತ್ತದೆ, ಮಗು ಅತ್ತು ಮೂಗೊರೆಸಿಕೊಂಡು ಆಡಲು ಹೋಗುತ್ತದೆ. ಮಾತು ಬಿಟ್ಟ ಮನೆಯಲ್ಲಿ ಮಗುವಿಗೆ ಹೋಗಲು ಜಾಗವೇ ಇರುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದಲ್ಲ.

ಮರುವರ್ಷದ ಖಂಡೇಪೂಜೆ ಬಂತು. ಮಹಾನವಮಿಯ ದಿನ ದುಡಿಯುವ ವಸ್ತುಗಳಿಗೆಲ್ಲ ನಮ್ಮ ಕಡೆ ಪೂಜೆ. ಆಯಿಯ ಕಟ್ಟಳೆ ಒಂದೇ, ತೊಳೆಯದ್ದು ಯಾವುದೂ ದೇವರ ಮುಂದೆ ಹೋಗಕೂಡದು. ಇಳಿಗೆಮಣೆ, ಕತ್ತರಿ, ಅಡಕೊತ್ತು, ಬೀಗದ ಕೈ, ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ಆ ಸಲ ಗಿರಿಜಾಳ ಪಾಲಿಗೆ ಬಂತು. ನಾನು ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದೆ, ಅಪ್ಪ ಚೆಂಡುಹೂವು ತರಲು ಹೋಗಿದ್ದ, ಅಮ್ಮ ಹೋಳಿಗೆಯ ಹೂರಣ ಅರೆಯುತ್ತಿದ್ದಳು, ಆಯಿ ಮಷೀನು ತೆಗೆದು ದಿಂಬಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ವಸ್ತು ಅದೇ ಅಲ್ಲವೇ? ಗಿರಿಜಾ ಅದಕ್ಕೂ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತಂಬಿಗೆ ತಿಕ್ಕಿದಂತೆ ತಿಕ್ಕಿ, ನೀರಿನಲ್ಲಿ ಅದ್ದಿ ತೆಗೆದು, ಕುಂಕುಮ ಹಚ್ಚಿ ಕತ್ತರಿಯ ಪಕ್ಕದಲ್ಲಿ ದೇವರ ಮುಂದೆ ಇಟ್ಟಳು. ಮಡಿಯುಟ್ಟು ಬಂದ ಆಯಿ ನೋಡಿದಳು. ಒದ್ದೆ ಮಷೀನನ್ನು ಎತ್ತಿ ಕಿವಿಗಿಟ್ಟಳು, ಸ್ವಲ್ಪ ಹೊತ್ತು ತಲೆ ವಾರೆ ಮಾಡಿ ನಿಂತಳು. ಆಮೇಲೆ ಗಿರಿಜಾಳ ಗಲ್ಲ ಹಿಂಡಿ, ‘ಚಲೋ ಮಾಡಿದಿ ನನ್ನವ್ವಾ. ಈಗ ಭಾಳ ಚಲೋ ಕೇಳಸಾಕತ್ತೈತಿ. ಯಾರ ಮುಂದೂ ಹೇಳಬ್ಯಾಡ, ದೇವರಿಗೂ ನನಗೂ ಅಷ್ಟ ಗೊತ್ತಿರಲಿ’ ಎಂದು ಬೆಲ್ಲದ ತುಣುಕು ಕೊಟ್ಟಳಂತೆ. ಗಿರಿಜಾ ನಂಬಿದಳು. ಆಕೆಗೆ ಕಿವಿ ಕೇಳುತ್ತಿದೆ ಎಂದು ನಾವೂ ನಂಬಿಕೊಂಡೇ ಇದ್ದೆವು.

ಆ ಚಳಿಗಾಲದಲ್ಲಿ ಆಯಿ ಬಹಳ ಮಾತಾಡುತ್ತಿದ್ದಳು. ನಾವು ಬಾಯಿ ತೆರೆಯುವ ಮೊದಲೇ ತಾನೇ ಶುರು ಮಾಡುತ್ತಿದ್ದಳು, ನಮ್ಮ ತುಟಿಯನ್ನೇ ನೋಡುತ್ತಿದ್ದಳು, ಕೇಳಿದ್ದಕ್ಕೆಲ್ಲ ನಗುನಗುತ್ತ ‘ಹೂಂ’ ಅನ್ನುತ್ತಿದ್ದಳು. ಅಪ್ಪ ಅಬಿಡ್ಸ್‌ನಿಂದ ತಂದುಕೊಟ್ಟ ಬ್ಯಾಟರಿಗಳನ್ನು ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದಳು. ಮಷೀನು ಯಾವಾಗಲೂ ಕಿವಿಯಲ್ಲೇ ಇರುತ್ತಿತ್ತು. ವಿಮಾನ ಮಾಳಿಗೆಯ ಮೇಲೆ ಬಂದಾಗ ನಾವು ನಾಲ್ವರೂ ಬಾಯಿ ಮುಚ್ಚಿ ಕಾಯುತ್ತಿದ್ದೆವು, ಆಯಿ ಮಾತ್ರ ಮಾತಾಡುತ್ತಲೇ ಇದ್ದಳು. ಆ ಭಯಂಕರ ಸದ್ದಿನ ಕೆಳಗೆ ಆಕೆಯ ತುಟಿಗಳು ಅಲುಗುವುದು ಕಾಣುತ್ತಿತ್ತು, ಒಂದಕ್ಷರವೂ ಕೇಳುತ್ತಿರಲಿಲ್ಲ. ಮುದುಕಿಗೆ ಅರಳುಮರಳು ಎಂದು ಅಮ್ಮ ನಕ್ಕಳು. ನಾನೂ ನಕ್ಕೆ.

ಮುತ್ಯಾನ ಪುಣ್ಯತಿಥಿಯ ಸಂಜೆ ಆಯಿ ಪಡಸಾಲೆಯಲ್ಲಿ ಕೂತು ತೊಡೆಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಶಾಲೆಯ ಲೆಕ್ಕ ಬಿಡಿಸುತ್ತಿದ್ದೆ. ಅಪ್ಪ ಎಂದಿನಂತೆ ಬಂದು ಆಕೆಯ ಪಕ್ಕ ಕೂತ. ಅವನು ಬಂದದ್ದನ್ನು ಆಯಿ ಮೊಣಕಾಲು ತಾಗಿದ್ದರಿಂದ ತಿಳಿದುಕೊಂಡಿರಬೇಕು, ತಲೆ ಎತ್ತದೆ ಮುಗುಳ್ನಕ್ಕಳು. ಆಮೇಲೆ ಅಪ್ಪ ಕೇಳಿದ. ಅವನ ದನಿ ನಮ್ಮಪ್ಪನ ದನಿಯಂತಿರಲಿಲ್ಲ, ನನಗಿಂತ ಸಣ್ಣ ಹುಡುಗನ ದನಿಯಂತಿತ್ತು.

‘ಯವ್ವಾ, ಅಪ್ಪ ಹೋಗೂಮುಂದ ನನ್ನ ಮ್ಯಾಲ ಸಿಟ್ಟಿನ್ಯಾಗೇ ಇದ್ದನೇನು?’

‘ಹೂಂ,’ ಅಂದಳು ಆಯಿ. ಬತ್ತಿ ಹೊಸೆದು ಮುಗಿಸಿ, ತಲೆ ಎತ್ತಿ, ಪ್ರೀತಿಯಿಂದ ಅವನ ಮುಖ ನೋಡಿ, ‘ಚಾ ಕುಡೀತೀಯೇನು?’ ಎಂದು ಕೇಳಿದಳು.

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮರುದಿನದಿಂದ ಆಯಿಯ ಪಕ್ಕ ಕೂರುವುದನ್ನು ನಿಲ್ಲಿಸಿದ. ಜಗಳವಿಲ್ಲ, ಸಿಟ್ಟೂ ಕಾಣಿಸುತ್ತಿರಲಿಲ್ಲ. ಆರಾಮ ಇದ್ದೀಯೇನು ಎಂದು ಬಾಗಿಲಲ್ಲೇ ನಿಂತು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಿದ್ದ. ಊಟಕ್ಕೆ ಕೂತರೆ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಸಂಜೆಯಾದರೆ ಆಯಿ ಪಡಸಾಲೆಯಲ್ಲಿ ಸರಿದು ಜಾಗ ಮಾಡಿ ಕೂರುತ್ತಿದ್ದಳು. ‘ಯಾಕವಾ, ನನ್ನ ಮಗ ಈಗ ಕೂಡಾಕ ಬರೂದಿಲ್ಲ?’ ಎಂದು ಅಮ್ಮನನ್ನು ಕೇಳುತ್ತಿದ್ದಳು. ಅಮ್ಮ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಹೇಳಿದರೆ ‘ಹೂಂ’ ಅನ್ನುತ್ತಿದ್ದಳು. ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಗ್ಗೆ ಆಯಿ ಏಳಲಿಲ್ಲ. ಮಷೀನು ಆಗಲೂ ಕಿವಿಯಲ್ಲೇ ಇತ್ತು.

ತಿಥಿಯೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಅಪ್ಪ ಆಯಿಯ ಸಾಮಾನು ತೆಗೆದಿಡಲು ಕೂತ. ಅಡಿಕೆ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಚಳಿಗಾಲದಿಂದೀಚೆಗೆ ಅವನು ತಂದುಕೊಟ್ಟಿದ್ದ ಬ್ಯಾಟರಿಗಳೆಲ್ಲ ಹಾಗೇ ಇದ್ದವು, ಕಾಗದ ಸಹ ಬಿಚ್ಚಿರಲಿಲ್ಲ. ಅವನು ಮಷೀನನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಅದರ ಸಣ್ಣ ಬಾಗಿಲನ್ನು ಮೀಟಿ ತೆರೆದ. ಒಳಗೆ ಹಸಿರು ಕಿಲುಬು, ಒಣಗಿದ ಹುಣಸೆಯ ನಾರು, ಕಪ್ಪಿಗೆ ತಿರುಗಿದ ಕುಂಕುಮ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಡಬ್ಬಿಯನ್ನು ನೋಡಿದ, ಮತ್ತೆ ಮಷೀನನ್ನು ನೋಡಿದ. ಅವನ ಎದೆಯಿಂದ ಒಂದು ಸದ್ದು ಬಂತು. ಆ ಸಂಜೆಯ ಹೂಂ ಆಯಿಯ ಉತ್ತರವಾಗಿರಲಿಲ್ಲ ಎಂದು ಅವನಿಗೆ ತಿಳಿದದ್ದು ಆಗ. ನನಗೂ ಆಗಲೇ ತಿಳಿಯಿತು. ನಿಜವಾದ ಉತ್ತರ ಗೊತ್ತಿದ್ದವಳು ಹೋಗಿಬಿಟ್ಟಿದ್ದಳು, ಅದನ್ನು ಕೊನೆಯತನಕ ಅಪ್ಪನಿಗೆ ಯಾರಿಂದಲೂ ಹೇಳಲಾಗಲಿಲ್ಲ.

ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ‘ಆ ಕುಂಕುಮ ನಾನೇ ಹಚ್ಚಿದ್ದೆ ಅಪ್ಪಾ. ಖಂಡೇಪೂಜಿ ದಿನ. ಹುಣಸಿಹಣ್ಣು ಹಚ್ಚಿ ತೊಳದು...’ ಎಂದು ಉತ್ಸಾಹದಿಂದ ಶುರು ಮಾಡಿದವಳು ಅಪ್ಪನ ಮುಖ ನೋಡಿ, ಬ್ಯಾಟರಿಗಳನ್ನು ನೋಡಿ, ಅಷ್ಟಕ್ಕೇ ನಿಂತಳು. ಅಪ್ಪ ಏನೂ ಅನ್ನಲಿಲ್ಲ. ಆ ಮೌನ ನನಗೆ ಗೊತ್ತಿತ್ತು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎಲ್ಲಿಂದ ಧೈರ್ಯ ಬಂತೋ, ಗಿರಿಜಾ ಕೇಳಿಯೇಬಿಟ್ಟಳು.

‘ಅಪ್ಪಾ, ನನ್ನ ಮ್ಯಾಲ ಸಿಟ್ಟು ಐತೇನು?’

ಅಪ್ಪ ಎದ್ದ. ಅವಳ ಮುಂದೆ ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು, ತನ್ನ ಬಾಯಿ ಅವಳಿಗೆ ಕಾಣುವಂತೆ ತಿರುಗಿಸಿಕೊಂಡ. ‘ಇಲ್ಲ,’ ಅಂದ. ಸಾಲದೆಂಬಂತೆ ಇನ್ನೂ ಜೋರಾಗಿ, ಕಿವುಡರಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ, ‘ಇಲ್ಲ ನನ್ನವ್ವಾ. ಸಿಟ್ಟಿಲ್ಲ. ಇಲ್ಲ,’ ಎಂದು ಕೂಗಿದ. ಅಮ್ಮ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು. ‘ಕೇಳಿಸ್ತು ಅಪ್ಪಾ, ಕೇಳಿಸ್ತು,’ ಎಂದು ಗಿರಿಜಾ ಅಳುತ್ತ ಹೇಳುತ್ತಿದ್ದಳು. ಅಪ್ಪ ನಿಲ್ಲಿಸಲಿಲ್ಲ.