ಸಾರುವೆ ಯಾರ ಜವಾಬ್ದಾರಿ

ಹೂಡಿಯ ಹತ್ತಿರ ಏಳುತ್ತಿದ್ದ ಕಚೇರಿ ಕಟ್ಟಡವೊಂದಕ್ಕೆ ಬಣ್ಣ ಬಳಿಯುವ ಕೆಲಸ ನನಗೆ ಸಿಕ್ಕಿತ್ತು. ಇಡೀ ಕಟ್ಟಡದ ಗುತ್ತಿಗೆ ಒಂದು ದೊಡ್ಡ ಕಂಪನಿಯದು. ನಾನು ಅವರ ಕೈಕೆಳಗಿನ ಸಬ್ ಕಂಟ್ರಾಕ್ಟರ್. ಒಪ್ಪಂದವಾಗುವಾಗಲೇ ಮಾತು ಸ್ಪಷ್ಟವಾಗಿತ್ತು: ಹೊರಗೋಡೆಗೆ ಆಳುಗಳು ಹತ್ತಿ ನಿಲ್ಲುವ ಸಾರುವೆ ಕಟ್ಟಿಸಿ, ಭದ್ರಪಡಿಸಿ ಕೊಡುವುದು ಅವರ ಹೊಣೆ. ಬಣ್ಣ, ಆಳುಗಳು ನನ್ನವು.

ಕೆಲಸ ಶುರುವಾಗಬೇಕಿದ್ದ ಬೆಳಿಗ್ಗೆ ನಮ್ಮ ಮೇಸ್ತ್ರಿ ಸಾರುವೆಯ ಕಬ್ಬಿಣದ ಕಂಬ ಹಿಡಿದು ಅಲ್ಲಾಡಿಸಿದ. ಅದು ಮೇಲಿನವರೆಗೂ ತೂಗಾಡಿತು.

"ಅಕ್ಕ, ಗೋಡೆಗೆ ಸರಿಯಾಗಿ ಬಿಗಿದೇ ಇಲ್ಲ. ನಾನಂತೂ ಯಾರನ್ನೂ ಹತ್ತಿಸಲ್ಲ."

ಕಂಪನಿಯ ಸೈಟ್ ಎಂಜಿನಿಯರ್‌ಗೆ ಹೇಳಿದೆ. ಅವರಿಗೆ ಅವಸರ. "ಮೇಡಂ, ಓನರ್ ಬರೋ ಹೊತ್ತಿಗೆ ಈ ಗೋಡೆ ಮುಗೀಬೇಕು. ನಿಮ್ಮೋರ ಕೈಲೇ ಒಂಚೂರು ಬಿಗಿಸ್ಬಿಡಿ."

"ಬಿಗಿಸ್ಬೋದು ಸಾರ್. ನಾಳೆ ಯಾರಾದ್ರೂ ಬಿದ್ರೆ, ಕಟ್ಟಿದ್ದು ನೀವೇ ಅಂತೀರಿ. ಸಾರುವೆ ನಿಮ್ದು, ನಿಮ್ಮೋರೇ ಬಿಗೀಲಿ."

"ಅಷ್ಟೊಂದು ಹೆದರಿಕೆನಾ? ನೋಡಿ, ನಾನೇ ಹತ್ತಿ ತೋರಿಸ್ತೀನಿ."

ಬೇಡವೆಂದು ನಾನು ಕೂಗುತ್ತಿದ್ದಂತೆಯೇ, ಸೇಫ್ಟಿ ಬೆಲ್ಟ್ ಕೂಡ ಹಾಕಿಕೊಳ್ಳದೆ ಹತ್ತಿಯೇಬಿಟ್ಟರು. ಎರಡನೇ ಮಹಡಿಯ ಎತ್ತರದಲ್ಲಿ ಕಾಲ ಕೆಳಗಿನ ಹಲಗೆ ಒಂದು ಬದಿಗೆ ಜಾರಿತು. ಅವರು ಕಂಬವನ್ನು ತಬ್ಬಿಕೊಂಡರು. ಸಾರುವೆ ಗೋಡೆಯಿಂದ ಹೊರಕ್ಕೆ ವಾಲಿತು. ಅದುವರೆಗೆ ಅವರ ಮೇಲೆ ಕುದಿಯುತ್ತಿದ್ದವಳು ನಾನು. ಆಗ ಬಾಯಲ್ಲಿ ಬಂದದ್ದು "ದೇವರೇ" ಎಂಬ ಒಂದೇ ಮಾತು.

ಮೇಸ್ತ್ರಿ ಒಳಗಿನ ಮೆಟ್ಟಿಲೇರಿ ಓಡಿದ. ಇನ್ನೂ ಚೌಕಟ್ಟು ಕೂರಿಸದ ಕಿಟಕಿಯಿಂದ ಕೈಚಾಚಿ, ಅವರ ರಟ್ಟೆ ಹಿಡಿದು ಒಳಗೆಳೆದುಕೊಂಡ.

ನಾನು ಏದುಸಿರು ಬಿಡುತ್ತಾ ಮೇಲೆ ಹೋದಾಗ ಎಂಜಿನಿಯರ್ ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಮೊಣಕೈ ತರಚಿತ್ತು, ಅಷ್ಟೇ.

"ಮನೇಲಿ ಹೇಳ್ಬೇಡಿ ಮೇಡಂ," ಎಂದರು. ಅವರ ಮನೆಯವರನ್ನು ನಾನು ಕಂಡೇ ಇರಲಿಲ್ಲ. ನಗು ಬಂತು, ಜೊತೆಗೆ ಕಣ್ಣೀರೂ ಬಂತು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ನನ್ನ ಎದುರೇ ತಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿದರು. "ಪೇಂಟಿಂಗ್ ನಿಂತಿರೋದು ನಮ್ಮಿಂದ ಸಾರ್. ಸಾರುವೆ ಸರಿಯಿಲ್ಲ. ಅವ್ರದ್ದೇನೂ ತಪ್ಪಿಲ್ಲ." ತಡಕ್ಕೆ ನನ್ನನ್ನೇ ಹೊಣೆ ಮಾಡಿ ಕೆಲಸ ಕಿತ್ತುಕೊಳ್ಳುತ್ತಾರೇನೋ ಎಂಬ ಭಯ ಆ ಮಾತಿನೊಂದಿಗೆ ಇಳಿದುಹೋಯಿತು.

ಮಧ್ಯಾಹ್ನದೊಳಗೆ ಕಂಪನಿಯವರೇ ಬಂದು, ಮತ್ತೆ ಭದ್ರವಾಗಿ ಕಟ್ಟಲು ಸಾರುವೆ ಬಿಚ್ಚತೊಡಗಿದರು. ನಾವೆಲ್ಲ ರಸ್ತೆಬದಿಯ ಗಾಡಿಯಲ್ಲಿ ಚಿತ್ರಾನ್ನ ತಿಂದೆವು. ಅಂದು ನಾನು ಎರಡು ತಟ್ಟೆ ತಿಂದೆ.