ಮರಿಯವ್ವ ಬಂಡಿಗೆ ಹೇರಿಸಿದ ಒಲೆಗುಂಡುಗಳು

ಸದ್ಭಕ್ತರೇ, ಕೈಕೆಲಸ ಬದಿಗಿಟ್ಟು ಒಂದಿಷ್ಟು ಕಿವಿಗೊಡಿರಿ. ಹಮ್ಮಿಗಿಯ ಮರಿಯವ್ವನ ಸಂಗತಿ ಹೇಳುತ್ತೇನೆ. ಹೊಲದಲ್ಲಿ ಕಳೆ ಕೀಳುತ್ತ, ಊರ ಕಾರ್ಯಗಳಿಗೆ ರೊಟ್ಟಿ ಬಡಿಯುತ್ತ ಮುಪ್ಪಾದ ಆ ತಾಯಿಗೆ ಅಕ್ಷರ ಬಾರದು.

ಕನ್ನಡ ನಾಡು ಒಂದಾದ ವರ್ಷವದು. ಆ ಸಂತೋಷಕ್ಕಾಗಿ ಊರಿನ ಹತ್ತು ಮಂದಿ ಓದಿದವರು, ನೀರು ನೆರಳಿಲ್ಲದ ಬಯಲಿನ ಹಾಳುಗುಡಿಗೆ ಹೋಗಿ ಡೇರೆ ಹಾಕಿಕೊಂಡು ಎರಡು ದಿನ ಇರಬೇಕೆಂದು ನಿಶ್ಚಯಿಸಿದರು. ಮುಂದಾಳು ಕಳಕಪ್ಪ ನೀರಿನ ಕೊಡ, ಕಟ್ಟಿಗೆಗಳನ್ನು ಬಂಡಿಗೆ ಹೇರಿಸುತ್ತಿದ್ದಾಗ, ಅಡಿಗೆಗೆ ಹೊರಟಿದ್ದ ಮರಿಯವ್ವ ಮೂರು ಒಲೆಗುಂಡುಗಳನ್ನು ತಂದಿಟ್ಟಳು.

"ಏ ಯವ್ವಾ, ಕಲ್ಲಿದ್ದಲ್ಲಿಗೆ ಕಲ್ಲು ಹೊರ್ತಾರೇನ? ಎತ್ತು ಸೈತ ನಗ್ತಾವು! ಹೋದ ವರ್ಷ ಅಲ್ಲೇ ಕಲ್ಲು ಜೋಡ್ಸಿ ಅನ್ನಾ ಮಾಡಿದ್ವಲ್ಲ," ಎಂದ ಕಳಕಪ್ಪ.

"ಬೆಂಕಿ ಹಚ್ಚಿದಾಕಿ ನಾನs. ಒಲಿ ಆರಿದ ಮ್ಯಾಲ ನೋಡ್ತೀನಿ, ಆ ಕಲ್ಲಿನಾಗ ಒಂದು ವೀರಗಲ್ಲಲೋ! ಊರ ದನಾ ಬಿಡಸಾಕ ಹೋಗಿ ಸತ್ತವನ ಮಾರಿ ಸಿಡದು ಹೋಗಿತ್ತು. ತಿಕ್ಕಿದ್ರೂ ಮಸಿ ಬಿಡಲಿಲ್ಲ. ಈ ಗುಂಡು ಬಂಡಿ ಏರಲಿಲ್ಲಂದ್ರ ನನ್ನ ರೊಟ್ಟಿ ಬುಟ್ಟಿನೂ ಏರಂಗಿಲ್ಲ!"

ಈ ಸಂಗತಿ ಮುಂದೆ ಕಿವಿಗೆ ಬಿದ್ದಾಗ ನನ್ನ ಮೈಯೆಲ್ಲ ಉರಿಯಿತು. ನಾಡಿಗೆ ಜಯಘೋಷ ಮಾಡುವ ಬಾಯಿ, ಊರಿಗಾಗಿ ಮಡಿದವನ ಮೋರೆಯ ಮೇಲೆ ಅನ್ನ ಬೇಯಿಸಿ ಉಣ್ಣುವುದೆ? ಕಲ್ಲಿನ ಬರೆಹ ಓದಬಲ್ಲೆವೆಂದು ಬೀಗುವ ಹತ್ತು ಮಂದಿಯಲ್ಲಿ ಒಬ್ಬನಿಗೂ ನಾಚಿಕೆಯಾಗಲಿಲ್ಲವೆ? ತಪ್ಪನ್ನು ತನ್ನದೆಂದು ಒಪ್ಪಿಕೊಂಡವಳು ಇವಳೊಬ್ಬಳೇ!

ಕಳಕಪ್ಪ ಕೊಡಗಳನ್ನು ಸರಿಸಿ, ಗುಂಡುಗಳನ್ನು ತಾನೇ ಎತ್ತಿಟ್ಟ.

ಬಂಧುಗಳೇ, ಹಾಳುಗುಡಿಗಳ ಕಡೆ ಬುತ್ತಿ ಕಟ್ಟಿಕೊಂಡು ಹೊರಟಾಗ ನೀವೂ ನಿಮ್ಮ ಮನೆಯ ಮೂರು ಕಲ್ಲುಗಳನ್ನು ಜೊತೆಗೊಯ್ಯಿರಿ. ಹಿರಿಯರ ಒಂದು ಕಲ್ಲಿಗೂ ಬೆಂಕಿ ತಾಗಿಸಬೇಡಿರಿ.