ನಾಲ್ಕು ಸಾಲಿನಲ್ಲಿ ಮಡಚಿಟ್ಟ ನಾಲ್ಕು ತಾಲೂಕು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲೂಕುಗಳನ್ನು ನನ್ನ ಅಕ್ಕನ ಮಗಳು ರೇಣುಕಾ ನಾಲ್ಕೇ ಸಾಲಿನಲ್ಲಿ ಮಡಚಿಟ್ಟಿದ್ದಳು.

"ನೋಡ್ರಿ ಮಾಮಾ, ಎಷ್ಟ್ ಚೊಕ್ಕ ಕಾಣ್ತೈತಿ!" ಎಂದು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಳು.

ಅವಳು ಶಿಗ್ಗಾವಿಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿದ್ದಾಳೆ. ಅಲ್ಲಿಂದ ಟಿ.ಬಿ. ರೋಗಿಗಳಿಗೆ ದಿನಾ ಬೆಳಿಗ್ಗೆ ಫೋನ್ ಹೋಗುತ್ತದೆ. 'ಮಾತ್ರಿ ತಗೊಂಡ್ರೇನ್ರಿ?' ಎಂದು ರೆಕಾರ್ಡ್ ಮಾಡಿದ ದನಿ (ಅದೂ ರೇಣುಕಾಳದೇ) ಕೇಳುತ್ತದೆ. ಯಾರಿಗೆ ಫೋನ್ ಹೋಗಬೇಕೆಂದು ಕಂಪ್ಯೂಟರಿಗೆ ತಿಳಿಸುವ ಸ್ಕ್ರಿಪ್ಟ್ ಬೆಳೆದು ಬೆಳೆದು ಕೊನೆಯೇ ಕಾಣದಂತಾಗಿತ್ತು. ಅದನ್ನು ಅವಳು ಕಂದಾಯ ಇಲಾಖೆಯ ಧಾಟಿಯಲ್ಲೇ ಜೋಡಿಸಿದಳು. ತಾಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಊರು. ಒಳಗಿನದರ ಸಾಲು ಅಂಚಿನಿಂದ ಒಂದು ಮಟ್ಟ ಒಳಗೆ ಸರಿದಿರುತ್ತದೆ. ಪ್ರತಿ ತಾಲೂಕಿನ ಕೊನೆಗೆ 'ಚಿಕಿತ್ಸೆ ಮುಗಿದವರು' ಎಂಬ ವಿಭಾಗ. ಅದರೊಳಗಿನವರಿಗೆ ಫೋನ್ ಹೋಗುವುದಿಲ್ಲ. ಪರದೆಯ ಅಂಚಿನ ಪುಟ್ಟ ಬಾಣ ಒತ್ತಿದರೆ ವಿಭಾಗ ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಮಡಚಿಕೊಂಡು ಹೆಸರಿನ ಒಂದೇ ಸಾಲು ಉಳಿಯುತ್ತದೆ.

"ತಹಸೀಲ್ದಾರ್ ಕಚೇರ್ಯಾಗೂ ಇಷ್ಟ್ ಶಿಸ್ತ್ ಇಲ್ಲ ಬಿಡ" ಎಂದೆ. ಹಿಗ್ಗಿದಳು.

ಕಳೆದ ವಾರ ಅವಳದೇ ಫೋನ್. "ಮಾಮಾ, ಹುಲಗೂರಿಗೆ ಹೋಗೂದೈತಿ. ಜೋಡಿ ಬರ್ರಿ." ದನಿಯಲ್ಲಿ ಜೀವವಿರಲಿಲ್ಲ.

ಬಸ್ಸಿನಲ್ಲಿ ಹೇಳಿದಳು. ಜೋಡಿಸುವಾಗ ಶಿಗ್ಗಾವಿ ತಾಲೂಕಿನೊಳಗಿನ ಹುಲಗೂರಿನ ಭಾಗವನ್ನು ಬಿಚ್ಚದೆ, ಮಡಚಿದ್ದ ಹಾಗೆಯೇ ಎತ್ತಿ ಜಾಗ ಬದಲಿಸಿದ್ದಳು. ಅದು ಒಂದು ಮಟ್ಟ ಹೆಚ್ಚು ಒಳಗೆ ಸರಿದು 'ಚಿಕಿತ್ಸೆ ಮುಗಿದವರ' ಹೊಟ್ಟೆಗೆ ಸೇರಿತು. ಕಂಪ್ಯೂಟರ್ ತಕರಾರು ಮಾಡಲಿಲ್ಲ. ಯಾಕೆ ಮಾಡೀತು? ಬರೆದದ್ದು ಸರಿಯಿತ್ತು, ಇಟ್ಟ ಜಾಗ ತಪ್ಪಿತ್ತು. ಮೇಲಿಂದ ನೋಡಿದರೆ ಅದೇ ನಾಲ್ಕು ಸಾಲು. ಬಿಚ್ಚಿ ನೋಡುವವರು ಯಾರು?

ಹುಲಗೂರಿನ ರೋಗಿಗಳಿಗೆ ವಾರಗಟ್ಟಲೆ ಫೋನ್ ಹೋಗಲಿಲ್ಲ. ಉಳಿದವರು ಹೇಗೋ ಮಾತ್ರೆ ನುಂಗುತ್ತಲೇ ಇದ್ದರು. ಬಿಟ್ಟವರು ಬೀಬಿಜಾನ್ ಎಂಬ ಹೆಂಗಸು ಒಬ್ಬರೇ; ನಾವು ಹೊರಟದ್ದು ಅವರ ಮನೆಗೆ.

ತಪ್ಪು ತಿದ್ದಲು ಒಂದು ನಿಮಿಷವೂ ಹಿಡಿಯಲಿಲ್ಲವಂತೆ. ಸಂಸ್ಥೆಯ ಮುಖ್ಯಸ್ಥರು ಬಂದು ನೋಡಿ, "ಸರಿ ಆತಲ್ಲ, ಮತ್ತ ಮಡಚಿಡವಾ, ಉದ್ದ ಕಾಣ್ತೈತಿ" ಎಂದರಂತೆ. ಅವಳು ಮಡಚಿದಳು.

ಅವರನ್ನು ಬೈದು ಏನು ಉಪಯೋಗ? ನಾನು ಕೆಲಸ ಮಾಡುವ ಪತ್ರಿಕೆಯ ಜಿಲ್ಲಾ ಪುಟದಲ್ಲೂ ಊರಿಗೆ ಊರೇ ಒಂದು ಶೀರ್ಷಿಕೆಯಡಿ ಕೂರುತ್ತದೆ. ಅಂದದ ಪುಟ ನೋಡಿ ನಾವೂ ತೃಪ್ತರಾಗಿ ಮನೆಗೆ ಹೋಗುತ್ತೇವೆ. ಇದು ಬದಲಾದೀತು ಎಂಬ ನಂಬಿಕೆ ನನಗಂತೂ ಉಳಿದಿಲ್ಲ.

ಬೀಬಿಜಾನ್ ಮನೆಯಲ್ಲೇ ಬಟ್ಟೆ ಹೊಲಿಯುವವರು. "ಬರ್ರಿ, ಕುಂದರ್ರಿ" ಎಂದವರು ಬಾಯಿಗೆ ಸೆರಗು ಒತ್ತಿ, ತಾವು ದೂರ ಕಿಟಕಿಯ ಬಳಿ ಕುಳಿತರು. ಮಷೀನಿಗೆ ಬಟ್ಟೆ ಹೊದಿಸಿತ್ತು.

"ಡಬ್ಬ್ಯಾಗ ಮಾತ್ರಿ ಇದ್ದುವಲ್ರಿ, ಯಾಕ ಬಿಟ್ರಿ?" ರೇಣುಕಾ ಕೇಳಿದಳು.

"ನೀನ ಬಿಡಿಸಿದಿಯಲ್ಲ ಬೇ! ದಿನಾ ಕೇಳಾಕಿ, ಕೇಳೂದ ಬಿಟ್ಟಿ. ಮೈಯ್ಯಾಗೂ ಹಗುರ ಆಗಿತ್ತು. ಮುಗೀತು ಅಂತ ತಿಳಕೊಂಡೆ. ಓಣಿಗೆಲ್ಲ ಸಕ್ಕರಿ ಹಂಚೇನಿ."

ನಕ್ಕರು. ನಗು ಕೆಮ್ಮಾಗಿ, ಬಹಳ ಹೊತ್ತು ನಿಲ್ಲಲಿಲ್ಲ.

ಈಗ ಚಿಕಿತ್ಸೆ ಮೊದಲಿನಿಂದ ಶುರು. ಈ ಸಲ ಹಳೆಯ ಮಾತ್ರೆಗೆ ರೋಗ ಬಗ್ಗುತ್ತದೋ ಇಲ್ಲವೋ, ಡಾಕ್ಟರು ಮಾತು ಕೊಟ್ಟಿಲ್ಲ. ಮನೆಯಲ್ಲಿರುವ ಮಗಳ ಕೂಸಿಗೂ ಪರೀಕ್ಷೆ ಮಾಡಿಸಬೇಕಂತೆ.

ರೇಣುಕಾ ಕೈ ಮುಗಿದಳು. "ತಪ್ಪಾತ್ರಿ. ನಾಳಿಂದ ದಿನಾ ಫೋನ್ ಬರ್ತೈತಿ."

"ಬರ್ಲಿ ತಂಗಿ" ಎಂದರು ಬೀಬಿಜಾನ್. "ಆದ್ರ ಮುಂದ ಒಂದಿನ ಅದು ನಿಂತ್ರ ಏನ್ ತಿಳೀಲಿ? ನಾ ಅರಾಮ ಆಗೇನಿ ಅಂತನೋ, ನೀ ಮರ್ತಿ ಅಂತನೋ?"